ಉಪ್ಪುನೀರು ಮತ್ತು ನನ್ನದೊಂದು ತಪ್ಪು ಉತ್ತರ



ಬಹಳ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ತಮ್ಮ ಮನೆಯ ಕೊಳವೆಬಾವಿಯ ಉಪ್ಪುನೀರನ್ನು ಸೀಸೆಯಲ್ಲಿ ತಂದು, "ಸಾರ್, ಇದನ್ನು ಸಿಹಿ ಮಾಡುವುದು ಹೇಗೆ?" ಎಂದು ಕೇಳಿದಳು. ಮರಳು, ಇದ್ದಿಲುಗಳಲ್ಲಿ ಸೋಸಿದರಾಯಿತು ಎಂದುಬಿಟ್ಟೆ. ಮರುವಾರ ಆಕೆ ತಂದ ನೀರು ತಿಳಿಯಾಗಿತ್ತು. ಉಪ್ಪು ಮಾತ್ರ ಹಾಗೆಯೇ ಇತ್ತು. ಆ ನಾಚಿಕೆಯೇ ಈ ವಿಷಯದ ಚರಿತ್ರೆಯನ್ನು ಓದಲು ನನ್ನನ್ನು ಪ್ರೇರೇಪಿಸಿತು.

ನನ್ನ ತಪ್ಪು ಬಲು ಪುರಾತನವಾದುದು. ಮೇಣದ ಪಾತ್ರೆಯನ್ನು ಸಮುದ್ರದಲ್ಲಿ ಮುಳುಗಿಸಿಟ್ಟರೆ ಅದರೊಳಕ್ಕೆ ಸಿಹಿನೀರು ಒಸರುತ್ತದೆಂದು ಕ್ರಿ.ಪೂ. 4ನೆಯ ಶತಮಾನದಲ್ಲಿ ಅರಿಸ್ಟಾಟಲನೇ ಬರೆದಿದ್ದಾನೆ. ಮೇಣ ಆ ಕೆಲಸ ಮಾಡದು. ಆದರೆ ಸಮುದ್ರದ ನೀರು ಆವಿಯಾಗಿ ಮರಳಿ ನೀರಾದಾಗ ಸಿಹಿಯಾಗಿರುತ್ತದೆ ಎಂಬ ಸತ್ಯವನ್ನೂ ಅದೇ ಗ್ರಂಥದಲ್ಲಿ ಹೇಳಿದ್ದಾನೆ. ಕ್ರಿ.ಶ. 200ರ ಸುಮಾರಿಗೆ ಅವನ ವ್ಯಾಖ್ಯಾನಕಾರನಾದ ಅಫ್ರೊಡಿಸಿಯಸ್‌ನ ಅಲೆಕ್ಸಾಂಡರನು ನಾವಿಕರ ಉಪಾಯವೊಂದನ್ನು ವರ್ಣಿಸಿದನು: ಕುದಿಯುವ ಸಮುದ್ರದ ನೀರಿನ ಪಾತ್ರೆಯ ಬಾಯಿಗೆ ದೊಡ್ಡ ಸ್ಪಂಜುಗಳನ್ನು ತೂಗುಹಾಕಿ, ಅವು ಹೀರಿದ ಆವಿಯನ್ನು ಹಿಂಡಿ ಕುಡಿಯುವುದು!

ಉಪ್ಪನ್ನು ತೆಗೆಯುವ 'ಮದ್ದು' ಇದೆಯೆಂಬ ನಂಬಿಕೆ ಮಾತ್ರ ಅಳಿಯಲಿಲ್ಲ. 1791ರಲ್ಲಿ ಅಮೆರಿಕದ ಜೇಕಬ್ ಐಸಾಕ್ಸ್ ಎಂಬಾತ ಅಂಥದೊಂದು ಮಿಶ್ರಣ ತನ್ನಲ್ಲಿದೆಯೆಂದಾಗ, ಥಾಮಸ್ ಜೆಫರ್ಸನ್ ತಜ್ಞರ ಸಮ್ಮುಖದಲ್ಲಿ ಪರೀಕ್ಷೆ ಮಾಡಿಸಿದರು. ಮಿಶ್ರಣವಿಲ್ಲದೆ ಬಟ್ಟಿ ಇಳಿಸಿದರೂ ಫಲ ಒಂದೇ ಎಂದು ತಿಳಿಯಿತು.

ಕಾರಣ ಸರಳ. ಕರಗಿದ ಉಪ್ಪು ಅಯಾನುಗಳಾಗಿ ನೀರಿನಲ್ಲಿ ಬೆರೆತುಹೋಗಿರುತ್ತದೆ. ಮರಳಿನ ಸಂದುಗಳಲ್ಲಿ ಅದು ನಿಲ್ಲದು. ನಮ್ಮ ಹಿರಿಯರು ತೇಯ್ದು ಹಾಕುತ್ತಿದ್ದ ಚಿಲ್ಲದ ಬೀಜವೂ ಕಲಕು ನೀರನ್ನು ತಿಳಿಗೊಳಿಸುತ್ತದೆಯೇ ಹೊರತು ಉಪ್ಪನ್ನು ತೆಗೆಯದು. ನೀರು ಆವಿಯಾಗಿ ಮೇಲೇರಿದಾಗಲಾದರೋ ಉಪ್ಪು ಕೆಳಗೇ ಉಳಿಯುತ್ತದೆ.

ಕುದಿಸಲು ಸೌದೆ ಬೇಕು, ಬಿಸಿಲಿಗೆ ಬೆಲೆಯಿಲ್ಲ. 1872ರಲ್ಲಿ ಈಗಿನ ಚಿಲಿ ದೇಶದ ಅಟಕಾಮಾ ಮರುಭೂಮಿಯ ಲಾಸ್ ಸಲಿನಾಸ್‌ನಲ್ಲಿ ಚಾರ್ಲ್ಸ್ ವಿಲ್ಸನ್ ಎಂಬ ಎಂಜಿನಿಯರು ಮರದ ತೊಟ್ಟಿಗಳಿಗೆ ಓರೆಯಾಗಿ ಗಾಜು ಹೊದಿಸಿದರು. ಸಮುದ್ರಕ್ಕಿಂತಲೂ ಉಪ್ಪಾದ ಬಾವಿನೀರು ಬಿಸಿಲಿಗೆ ಆವಿಯಾಗಿ, ಗಾಜಿನ ಒಳಮೈಯಲ್ಲಿ ಹನಿಗಟ್ಟಿ, ಕಾಲುವೆಗೆ ಇಳಿಯುತ್ತಿತ್ತು. 4,000 ಚದರ ಮೀಟರಿಗೂ ಮಿಕ್ಕ ಗಾಜಿನಡಿಯಿಂದ ದಿನಕ್ಕೆ 20,000 ಲೀಟರಿಗೂ ಹೆಚ್ಚು ನೀರು! ಗಣಿಯ ಜನರೂ ಹೇಸರಗತ್ತೆಗಳೂ ದಶಕಗಳ ಕಾಲ ಅದನ್ನೇ ಕುಡಿದರು. ಆದರೂ ಲೆಕ್ಕ ಹಾಕಿದರೆ, ಚದರ ಮೀಟರಿಗೆ ದಿನಕ್ಕೆ ಸುಮಾರು ಐದು ಲೀಟರು. ಒಂದು ಮನೆಯ ಕುಡಿಯುವ ನೀರಿಗೂ ಹಲವು ಚದರ ಮೀಟರು ಗಾಜು ಬೇಕಾದೀತು.

ಮಗೂ, ನೀನೆಲ್ಲಿದ್ದರೂ ಇದನ್ನು ಓದಿದರೆ, ನಾನು ಅಂದು ಹೇಳಬೇಕಾಗಿದ್ದ ಉತ್ತರ ಇದು: ಸೋಸಬೇಡ, ಬಿಸಿಲಿಗಿಡು. ತಡವಾದುದಕ್ಕೆ ಈ ಮೇಷ್ಟರನ್ನು ಕ್ಷಮಿಸು.