ಚೈನಿನ್: ಹೆಸರು ಮತ್ತು ರಚನೆ

ಪುಣೆಯ ನೆರೆಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಸಂಸ್ಥೆ ಸ್ಥಾಪಿತವಾದಾಗ ಪೆನಿಸಿಲಿನ್ನಿನ ತಯಾರಿಕೆಯೇ ಅದರ ಮುಖ್ಯೋದ್ದೇಶವಾಗಿತ್ತು. ಆದರೆ ಪರರು ಕಂಡುಹಿಡಿದುದನ್ನು ತಯಾರಿಸುವುದರಲ್ಲಿಯೇ ಅದರ ಸಂಶೋಧನಾ ವಿಭಾಗವು ತೃಪ್ತಿಗೊಳ್ಳಲಿಲ್ಲ. ಈ ಅನ್ವೇಷಣೆಯ ಮುಂದಾಳು ಮೈಸೂರು ಸೀಮೆಯ ಶಿಲೀಂಧ್ರಶಾಸ್ತ್ರಜ್ಞರಾದ ಎಂ. ಜೆ. ತಿರುಮಲಾಚಾರ್. ಆಕ್ಟಿನೋಮೈಸೀಟ್ ಎಂಬ ಸೂಕ್ಷ್ಮಜೀವಿಗಳಲ್ಲಿ ಒಂದು ಹೊಸ ಕುಲವನ್ನು ಅವರು 1955ರಲ್ಲಿ ವರ್ಣಿಸಿ, ಪೆನಿಸಿಲಿನ್ನಿಗಾಗಿ ನೊಬೆಲ್ ಪಾರಿತೋಷಕ ಪಡೆದವರಲ್ಲೊಬ್ಬರಾದ ಅರ್ನ್‌ಸ್ಟ್ ಚೈನ್ ಅವರ ಗೌರವಾರ್ಥವಾಗಿ ‘ಚೈನಿಯ’ ಎಂದು ಹೆಸರಿಟ್ಟರು. 1961ರಲ್ಲಿ ಪ್ರಕಟವಾದ ‘ಹ್ಯಾಮೈಸಿನ್’ ಸಂಸ್ಥೆಯ ಹೆಸರನ್ನೇ ಹೊತ್ತಿತು. ಚೈನಿಯ ಕುಲದ ಜೀವಿಯೊಂದರಿಂದ ದೊರೆತ ಶಿಲೀಂಧ್ರನಾಶಕವಾದ ‘ಚೈನಿನ್’ 1968ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬೆಳಕು ಕಂಡಿತು.

ಹೆಸರಿಟ್ಟ ಮಾತ್ರಕ್ಕೆ ವಸ್ತು ಹೊಸದಾಗಲಾರದು. ಫಿಲಿಪ್ಪೀನ್ಸಿನ ಮಣ್ಣಿನ ಜೀವಿಯಿಂದ ಪಡೆದ ‘ಫಿಲಿಪಿನ್’ 1955ರಷ್ಟು ಹಿಂದೆಯೇ ಪ್ರಸಿದ್ಧವಾಗಿದ್ದಿತು. ನೇರಳಾತೀತ ಬೆಳಕಿನಲ್ಲಿ ಪರೀಕ್ಷಿಸಿದರೆ ಎರಡರಲ್ಲಿಯೂ ಸಾಲಾಗಿ ಐದು ದ್ವಿಬಂಧಗಳಿರುವುದು ತಿಳಿಯುತ್ತದೆ. ಅಣುವಿನ ಉಳಿದ ಭಾಗದ ಬಗ್ಗೆ ಆ ಬೆಳಕು ಬಹುಮಟ್ಟಿಗೆ ಮೂಕ. ಪಿಂಪ್ರಿಯ ಶೋಧವು ಫಿಲಿಪಿನ್ನಿನ ಪುನರಾವೃತ್ತಿಯಲ್ಲವೆಂದು ಸಿದ್ಧಪಡಿಸಲು ಅಣುವಿನ ಸಂಪೂರ್ಣ ರಚನೆಯೇ ಬೇಕಾಗಿತ್ತು.

ಅಣುಗಳನ್ನು ತೂಗಬಲ್ಲ ಯಂತ್ರವೇ ಮಾಸ್ ಸ್ಪೆಕ್ಟ್ರಾಮೀಟರ್. ಅದು ಅಣುವಿಗೆ ವಿದ್ಯುದಂಶವನ್ನಿತ್ತು, ಅಣುವನ್ನೂ ಅದರ ಚೂರುಗಳನ್ನೂ ತೂಕಕ್ಕನುಸಾರವಾಗಿ ಬೇರ್ಪಡಿಸುತ್ತದೆ. ಚೂರುಗಳ ತೂಕದಿಂದ ಮೂಲದ ಜೋಡಣೆಯನ್ನು ಊಹಿಸಬಹುದು. ಆದರೆ ಆ ಕಾಲದ ಯಂತ್ರಕ್ಕೆ ವಸ್ತುವನ್ನು ಆವಿಯಾಗಿಸಿಯೇ ಒಪ್ಪಿಸಬೇಕಾಗಿತ್ತು. ಇಂತಹ ಅಣುಗಳಾದರೋ ತಮ್ಮ ಹೈಡ್ರಾಕ್ಸಿಲ್ ಗುಂಪುಗಳಿಂದ ಒಂದನ್ನೊಂದು ಬಿಗಿದಪ್ಪಿಕೊಂಡು, ಆವಿಯಾಗುವ ಮೊದಲೇ ಕರಿಕಾಗಿಬಿಡುತ್ತವೆ. ಗೋಲ್ಡಿಂಗ್, ರಿಕರ್ಡ್ಸ್ ಮತ್ತು ಬಾರ್ಬರ್ ಅವರು 1964ರಲ್ಲಿ ಫಿಲಿಪಿನ್ನಿಗೆ ಅನ್ವಯಿಸಿದ ಉಪಾಯ ಸರಳವಾದುದು. ಪ್ರತಿಯೊಂದು ಹೈಡ್ರಾಕ್ಸಿಲಿನ ಹೈಡ್ರೊಜನ್ನನ್ನು ತೆಗೆದು ಅಲ್ಲಿ ಟ್ರೈಮೀಥೈಲ್‌ಸಿಲೈಲ್ ಗುಂಪನ್ನು ಕೂರಿಸಿದರೆ ಆ ಅಪ್ಪುಗೆ ಸಡಿಲುತ್ತದೆ. ಪ್ರತಿ ಬದಲಾವಣೆಗೂ ತೂಕ 72 ಮಾನ ಏರುತ್ತದೆ. 654 ಮಾನದ ಫಿಲಿಪಿನ್ನಿನಲ್ಲಿ ಒಂಬತ್ತು ಹೈಡ್ರಾಕ್ಸಿಲ್‌ಗಳು. ಒಂಬತ್ತೂ ಬದಲಾದರೆ 1302. ಲೆಕ್ಕ ತಾಳೆಯಾದರೆ ಹೈಡ್ರಾಕ್ಸಿಲ್‌ಗಳ ಎಣಿಕೆಯೂ ಕೈಸೇರಿತು!

ಚೈನಿನ್ನಿನ ರಚನೆ 1972ರಲ್ಲಿ ಅಮೆರಿಕದ ರಸಾಯನ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಖಕರು ಪಾಂಡೆ, ನರಸಿಂಹಾಚಾರಿ, ರೈನ್‌ಹಾರ್ಟ್ ಮತ್ತು ಮಿಲ್ಲಿಂಗ್ಟನ್. ಇವರಲ್ಲಿ ರೈನ್‌ಹಾರ್ಟ್ ಇಲಿನಾಯ್ ವಿಶ್ವವಿದ್ಯಾನಿಲಯದವರು. ನರಸಿಂಹಾಚಾರಿ 1968ರ ‘ನೇಚರ್’ ಲೇಖನಕ್ಕೂ ಸಹಿ ಹಾಕಿದ್ದವರು. ವಸ್ತುವಿನೊಡನೆ ಅದನ್ನು ಬಲ್ಲವರೂ ಜೊತೆಗಿದ್ದರೆಂಬುದನ್ನು ಮರೆಯಲಾಗದು. ಚೈನಿನ್ ಫಿಲಿಪಿನ್ನಿನ ಹತ್ತಿರದ ಬಂಧುವೇ ಹೊರತು ಫಿಲಿಪಿನ್ ಅಲ್ಲವೆಂಬುದು ಅಲ್ಲಿಗೆ ಇತ್ಯರ್ಥವಾಯಿತು.

ಚೈನಿಯ ಕುಲದ ಗತಿ ಬೇರೆಯಾಯಿತು. ಜೀವಿಗಳ ವರ್ಗೀಕರಣವನ್ನು ಪರಿಷ್ಕರಿಸಿದ ವಿದ್ವಾಂಸರು 1986ರಲ್ಲಿ ಅದನ್ನು ಸ್ಟ್ರೆಪ್ಟೊಮೈಸಿಸ್ ಕುಲದಲ್ಲಿ ವಿಲೀನಗೊಳಿಸಿದರು. ತಿರುಮಲಾಚಾರರು ಆರಿಸಿದ ಆ ಹೆಸರು ಇಂದು ಅಣುವಿನಲ್ಲಿ ಉಳಿದಿದೆ.