ಸೊನ್ನಲಿಗೆಯ ಮಾತಿಗೆ ಪ್ರಸ್ತಾರ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನ ನಮ್ಮ ಕನ್ನಡ ಶಾಲೆಯಲ್ಲಿ ಛಂದಸ್ಸು ಕಲಿಸುವಾಗ ನಾನು ಮೊದಲು ಬರೆಸುವುದು ಮಕ್ಕಳ ಮನೆಮಾತಿನ ಕ್ರಿಯಾಪದಗಳನ್ನು. ಪುಸ್ತಕದ ‘ಮಾಡಲಿಕ್ಕೆ ಹತ್ತಿದ್ದೇನೆ’ ಎಂಟಕ್ಷರ. ನಮ್ಮ ‘ಮಾಡ್ಲಾಕತ್ತೀನಿ’ ಐದೇ ಅಕ್ಷರ. ಇದನ್ನು ಅಶುದ್ಧವೆಂದು ತಿದ್ದುವವರ ಮಾತಿಗೆ ನನ್ನ ಒಪ್ಪಿಗೆಯಿಲ್ಲ.

ಈ ನೆಲದ ಕನ್ನಡ ಹಳೆಯದು. 12ನೇ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಈಗಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರು ವಚನಗಳನ್ನು ನುಡಿದರು. ಮುಂದೆ ರಾಘವಾಂಕ ಅವರ ಚರಿತ್ರೆಯನ್ನು ವಾರ್ಧಕ ಷಟ್ಪದಿಯಲ್ಲಿ ಹಾಡಿದ. ಆ ಷಟ್ಪದಿಯ ಒಂದೊಂದು ಗಣಕ್ಕೂ ಐದು ಮಾತ್ರೆ.

ಈಗ ‘ಬರುತ್ತಾನೆ’ ಪದಕ್ಕೆ ಪ್ರಸ್ತಾರ ಹಾಕಿ, ಅಂದರೆ ಅಕ್ಷರಗಳನ್ನು ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು ಎಂದು ಗುರುತಿಸಿ. ‘ಬ’ ಲಘು, ‘ರು’ ಒತ್ತಕ್ಷರದ ಹಿಂದಿದ್ದುದರಿಂದ ಗುರು, ‘ತ್ತಾ’ ಗುರು, ‘ನೆ’ ಲಘು: ಒಟ್ಟು ಆರು ಮಾತ್ರೆ. ನಮ್ಮ ‘ಬರ್ತಾನ’ದಲ್ಲಿ ಉಕಾರ ಬಿದ್ದುಹೋಗಿದೆ. ಆದರೆ ‘ರ್ತಾ’ ಒತ್ತಕ್ಷರವಾದ್ದರಿಂದ ಲಘುವಾಗಿದ್ದ ‘ಬ’ ಗುರುವಾಗುತ್ತದೆ. ಗುರು, ಗುರು, ಲಘು: ವಾರ್ಧಕದ ಗಣದಂತೆ ಸರಿಯಾಗಿ ಐದು ಮಾತ್ರೆ. ‘ಮಾಡ್ತಾನ’, ‘ಹೋಗ್ತಾನ’ ಕೂಡ ಐದೇ. ಸ್ವರ ಹೋದರೂ, ಹಿಂದಿನ ಅಕ್ಷರ ಲಘುವಾಗಿದ್ದರೆ, ಅದರ ಭಾರದ ಒಂದು ಪಾಲನ್ನು ಆ ಅಕ್ಷರ ಹೊರುತ್ತದೆ.

ಫ್ರೆಂಚರಲ್ಲೂ ಆಡುಮಾತು ಹೀಗೆಯೇ ಸ್ವರ ನುಂಗುತ್ತದೆ. ಅಲ್ಲಿ ‘ನಾನು ಮಾತಾಡುತ್ತೇನೆ’, ‘ನೀನು ಮಾತಾಡುತ್ತೀ’, ‘ಅವರು ಮಾತಾಡುತ್ತಾರೆ’ ಎಂಬ ಮೂರಕ್ಕೂ ಬರಹದಲ್ಲಿ ಬೇರೆ ಬೇರೆ ಪ್ರತ್ಯಯ, ಬಾಯಲ್ಲಿ ‘ಪಾರ್ಲ್’ ಒಂದೇ. ಯಾರು ಎಂದು ತಿಳಿಯಲು ಸರ್ವನಾಮ ಬೇಕೇ ಬೇಕು. ಹಳೆಯ ಫ್ರೆಂಚ್ ಪದ್ಯದಲ್ಲಿ ಮಾತ್ರ, ಮುಂದೆ ವ್ಯಂಜನ ಬಂದರೆ, ಆಡುಮಾತಿನಲ್ಲಿ ಕೇಳದ ಆ ಕೊನೆಯ ಸ್ವರವೂ ಎಣಿಕೆಗೆ ಬರುತ್ತದೆ. ಸೊಲ್ಲಾಪುರದವರು ನಡುವಿನ ಸ್ವರ ಬಿಟ್ಟರೂ ತುದಿಯನ್ನು ಬಿಡಲಿಲ್ಲ: ಬರ್ತಾನ, ಬರ್ತಾಳ, ಬರ್ತಾರ. ಸರ್ವನಾಮವಿಲ್ಲದೆಯೂ ಗಂಡೋ ಹೆಣ್ಣೋ ಹಲವರೋ ಗೊತ್ತಾಗುತ್ತದೆ.

ಈ ನೆಲದಲ್ಲಿ ಕನ್ನಡ ಮುಂದೆಯೂ ಬಾಳಿತು: 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲೇ ನಡೆದಿತ್ತು. 1956ರ ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ, ಅಕ್ಕಲಕೋಟೆ ಎರಡೂ ಮುಂಬಯಿ ರಾಜ್ಯದಲ್ಲೇ ಉಳಿದವು. 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ಆದರೂ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮರ ಪುರಾಣವನ್ನು ತ್ರಿಪದಿಯಲ್ಲಿ ಬರೆದರು, ವಚನಗಳನ್ನು ಮರಾಠಿಗೆ ಒಯ್ದರು, 1974ರ ಮಂಡ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು.

ನಮ್ಮ ಮಕ್ಕಳು ಮರಾಠಿಯನ್ನೂ ಕಲಿಯಬೇಕು, ಪುಸ್ತಕದ ‘ಬರುತ್ತಾನೆ’ಯನ್ನೂ ಕಲಿಯಬೇಕು. ಅದಕ್ಕಾಗಿ ‘ಬರ್ತಾನ’ ಎಂದ ಮಗುವನ್ನು ನಾಚಿಸಬೇಕಿಲ್ಲ. ಎರಡಕ್ಕೂ ಪ್ರಸ್ತಾರ ಹಾಕಿಸಿ. ತನ್ನ ಮನೆಮಾತಿಗೂ ವ್ಯಾಕರಣವಿದೆ ಎಂದು ಮಗು ತಾನೇ ಕಂಡುಕೊಳ್ಳುತ್ತದೆ.