ಫ್ಲೆಕ್ಸ್ ಮುದ್ರಣ ಯಂತ್ರ ನಿರ್ವಹಣೆ

ಪಿವಿಸಿ ಲೇಪಿತ ಹಾಳೆಯ ಮೇಲೆ ದ್ರಾವಕ ಶಾಯಿಯನ್ನು ಹನಿಗಳಾಗಿ ಚಿಮ್ಮಿಸಿ ಬ್ಯಾನರ್, ನಾಮಫಲಕಗಳನ್ನು ಮುದ್ರಿಸುವ ದೊಡ್ಡ ಇಂಕ್‌ಜೆಟ್ ಯಂತ್ರದ ಆರೈಕೆ ಮತ್ತು ದೋಷಪರಿಹಾರದ ಕೆಲಸ. ಅಂಗಡಿಗಳಲ್ಲಿ 10 ಅಡಿ ಎಂದು ಕರೆಯುವ, ಸುಮಾರು 3.2 ಮೀಟರ್ ಅಗಲದ ಮಾದರಿ ಸಾಮಾನ್ಯ. ಬ್ರಷ್ ಹಿಡಿದು ಬೋರ್ಡ್ ಬರೆಯುವವರ ಕಸುಬನ್ನು ಈ ಯಂತ್ರ ಬಹುಮಟ್ಟಿಗೆ ಕಿತ್ತುಕೊಂಡಿತು. ಜಾತ್ರೆ, ಮದುವೆ, ಚುನಾವಣೆ, ಶ್ರದ್ಧಾಂಜಲಿ ಇದರ ಮುಖ್ಯ ಗಿರಾಕಿಗಳು.

ಯಂತ್ರದ ಅತಿ ದುಬಾರಿ, ಅತಿ ಸೂಕ್ಷ್ಮ ಭಾಗ ಶಾಯಿ ಚಿಮ್ಮಿಸುವ ಹೆಡ್. ಕೋನಿಕಾ 512ಐ ಮಾದರಿಯ ಹೆಡ್ಡಿನಲ್ಲಿ ಶಾಯಿ ಹೊರಬರುವ 512 ರಂಧ್ರಗಳಿರುತ್ತವೆ (ನಾಝಲ್). ಚಿಕ್ಕಜಾಜೂರು, ಹಿರಿಯೂರು ಕಡೆಯ ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಶಾಯಿ ರಂಧ್ರದಲ್ಲೇ ಒಣಗುತ್ತದೆ. ಒಣ ಹವೆಯಲ್ಲಿ ಹೆಚ್ಚುವ ಸ್ಥಿರವಿದ್ಯುತ್ತಿನಿಂದ ಹನಿಗಳು ಚದುರಿ ಅಕ್ಷರದ ಅಂಚು ಮಸುಕಾಗುತ್ತದೆ. ಕೋಣೆಯ ಆರ್ದ್ರತೆ ಶೇ. 40ರಿಂದ 60ರಷ್ಟಿರಬೇಕು, ಯಂತ್ರಕ್ಕೆ ಪ್ರತ್ಯೇಕ ಅರ್ಥಿಂಗ್ ಬೇಕು. ಕರೆಂಟು ಹೋದಾಗ ಹೆಡ್ ತೆರೆದೇ ಉಳಿಯದಂತೆ ಯುಪಿಎಸ್ ಇರಬೇಕು.

ದಿನದ ಮೊದಲ ಕೆಲಸ ನಾಝಲ್ ಪರೀಕ್ಷಾ ಮುದ್ರಣ. ಒಂದೇ ಬಣ್ಣದಲ್ಲಿ ಗೆರೆಗಳು ತುಂಡಾಗಿದ್ದರೆ ಹೆಡ್ ಕಟ್ಟಿಕೊಂಡಿದೆ ಅಥವಾ ಆ ಬಣ್ಣದ ಫಿಲ್ಟರ್, ಪಂಪ್ ಕೆಟ್ಟಿದೆ. ಎಲ್ಲ ಬಣ್ಣಗಳಲ್ಲೂ ಸಮಾನ ಅಂತರದಲ್ಲಿ ಅಡ್ಡ ಪಟ್ಟಿ ಬಂದರೆ ಸಾಮಾನ್ಯವಾಗಿ ತಪ್ಪು ಹೆಡ್ಡಿನದಲ್ಲ, ಹಾಳೆ ಮುಂದೆ ಸಾಗುವ ಅಳತೆಯದು. ಇದನ್ನರಿಯದೆ ಹೆಡ್ ತೊಳೆಯುತ್ತ ಕೂರುವುದು ವ್ಯರ್ಥ ಖರ್ಚು. ಚಿತ್ರ ಪಕ್ಕಕ್ಕೆ ಸರಿದರೆ ಹೆಡ್ಡಿನ ಸ್ಥಾನ ಅಳೆಯುವ ಎನ್‌ಕೋಡರ್ ಪಟ್ಟಿಯ ಮೇಲಿನ ಶಾಯಿಕಲೆ ಒರೆಸಬೇಕು. ಹೆಡ್ ತೊಳೆಯಲು ಅದೇ ಶಾಯಿಗೆ ಹೊಂದುವ ಸಾಲ್ವೆಂಟ್ ಬಳಸಬೇಕು, ನೀರನ್ನಲ್ಲ.

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯ ವ್ಯಾಪ್ತಿಗೆ ಈ ಯಂತ್ರ ಮುದ್ರಿಸುವಂಥ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್‌ಗಳೂ ಸೇರಿವೆ.